ದೂರದರ್ಶನ ಗೋಪುರ ಮತ್ತು ಬಾಗಲಕೋಟೆ ಸೀಮೆ: ಒಂದು ಚಾರಿತ್ರಿಕ ಅವಲೋಕನ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ನಡುವಿನ ಸೀಮೆಗೆ ಗೋಪುರಗಳು ಹೊಸವಲ್ಲ. ಹಳ್ಳಿಯ ನಡುವೆ ಕಲ್ಲು ಮಣ್ಣುಗಳಿಂದ ಎತ್ತಿದ ಹುಡೇವು ಇಲ್ಲಿನ ಊರುಗಳ ಹಳೆಯ ಗುರುತು. ಅದರ ಮೇಲೆ ನಿಂತ ಕಾವಲುಗಾರನಿಗೆ ನಾಲ್ಕು ದಿಕ್ಕಿನ ಎರಿಹೊಲಗಳೂ ದೂರದಿಂದ ಏಳುವ ಧೂಳೂ ಕಾಣುತ್ತಿದ್ದವು. ವಿಜಯಪುರದಲ್ಲಿ ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿದ, ಸುಮಾರು 80 ಅಡಿ ಎತ್ತರದ ಉಪ್ಪಲಿ ಬುರುಜು ಇದೇ ಕೆಲಸದ ರಾಜಕೀಯ ರೂಪ. ಬಾದಾಮಿಯ ಬನಶಂಕರಿಯಲ್ಲಿ ಹೊಂಡದ ದಂಡೆಗೆ ನಿಂತ ದೀಪಸ್ತಂಭದ ಬಗೆ ಬೇರೆ. ಅದು ಏರಿ ನೋಡುವುದಕ್ಕಿಂತ ಹೆಚ್ಚಾಗಿ ದೂರದಿಂದ ನೋಡಿಸಿಕೊಳ್ಳುವುದಕ್ಕಾಗಿ ಇದೆ. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಸಾಲಿಗೆ ಕಬ್ಬಿಣದ ಇನ್ನೊಂದು ಬಗೆಯ ಗೋಪುರ ಸೇರಿತು. ದೂರದರ್ಶನದ ಪ್ರಸಾರ ಗೋಪುರವನ್ನು ಏರಿ ಯಾರೂ ನಾಡನ್ನು ನೋಡುವುದಿಲ್ಲ, ಅದರ ಮೇಲೆ ಯಾರೂ ದೀಪ ಹಚ್ಚುವುದಿಲ್ಲ. ಆದರೆ ಯಾವ ಊರಿನವರು ಏನನ್ನು ನೋಡಬೇಕು, ಯಾವ ಭಾಷೆಯಲ್ಲಿ ಕೇಳಬೇಕು ಎಂಬುದನ್ನು ಅದರ ಎತ್ತರವೇ ನಿರ್ಧರಿಸಿತು.

ಕರ್ನಾಟಕದಲ್ಲಿ ದೂರದರ್ಶನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1981ರ ನವೆಂಬರ್ 1ರಿಂದ, ಅಂದರೆ ಬೆಂಗಳೂರು ಕೇಂದ್ರ ಆರಂಭವಾದ ದಿನದಿಂದ ತೊಡಗುತ್ತಾರೆ. ರಾಜಧಾನಿಯಲ್ಲಿ ನಿಂತು ನೋಡಿದರೆ ಈ ಆರಂಭ ಸರಿಯೇ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಪ್ರದೇಶದಿಂದ ನೋಡಿದಾಗ ಈ ಕಾಲಗಣನೆ ನಿಲ್ಲುವುದಿಲ್ಲ. ಈ ಊರುಗಳು ಸೇರಿದ್ದ ಅವಿಭಜಿತ ವಿಜಾಪುರ ಜಿಲ್ಲೆಗೆ ದೂರದರ್ಶನ ಬಂದದ್ದು ಬೆಂಗಳೂರಿಗಿಂತ ಆರು ವರ್ಷ ಮೂರು ತಿಂಗಳು ಮೊದಲು. ಅದು ಬಂದಾಗ ಗೋಪುರವಿರಲಿಲ್ಲ, ಕನ್ನಡವಿತ್ತು. ಮುಂದೆ ಗೋಪುರಗಳು ಬಂದಾಗ ಅವು ಬಹುಕಾಲ ಹಿಂದಿಯನ್ನೇ ಬಿತ್ತರಿಸಿದವು. ಚರಿತ್ರೆಯ ಈ ಹಿಂದುಮುಂದಾದ ಕ್ರಮವನ್ನು ಗಮನಿಸದೆ ಈ ಸೀಮೆಯ ಜನಪದ ರಂಗಭೂಮಿಗೂ ದೂರದರ್ಶನಕ್ಕೂ ಏರ್ಪಟ್ಟ ಸಂಬಂಧವನ್ನು ವಿವರಿಸಲಾಗದು.

1975ರ ಆಗಸ್ಟ್ 1ರಂದು ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ ಆರಂಭವಾಯಿತು. ‘ಸೈಟ್’ ಎಂಬ ಮೊದಲಕ್ಷರಗಳ ಹೆಸರಿನಿಂದಲೇ ಅದು ಹೆಚ್ಚು ಪರಿಚಿತ. ಹಳ್ಳಿಗಳಿಗೆ ನೇರವಾಗಿ ಉಪಗ್ರಹದಿಂದಲೇ ದೂರದರ್ಶನವನ್ನು ತಲುಪಿಸಬೇಕೆಂಬುದು ವಿಕ್ರಮ್ ಸಾರಾಭಾಯಿ ಅವರ ಕನಸಾಗಿತ್ತು. ಅಮೆರಿಕದ ನಾಸಾ ಸಂಸ್ಥೆಯೊಂದಿಗೆ 1969ರಲ್ಲಿ ಒಪ್ಪಂದವಾಯಿತು. 1971ರ ಡಿಸೆಂಬರ್‌ನಲ್ಲಿ ತೀರಿಕೊಂಡ ಸಾರಾಭಾಯಿ ಅದರ ಫಲವನ್ನು ಕಾಣಲಿಲ್ಲ. 1974ರ ಮೇ ತಿಂಗಳಲ್ಲಿ ಹಾರಿದ ಎಟಿಎಸ್-6 ಉಪಗ್ರಹವನ್ನು ಮರುವರ್ಷ ಪೂರ್ವ ಆಫ್ರಿಕಾದ ಮೇಲಣ ಕಕ್ಷೆಗೆ ಸರಿಸಿ ಒಂದು ವರ್ಷದ ಮಟ್ಟಿಗೆ ಭಾರತದ ಬಳಕೆಗೆ ಕೊಡಲಾಯಿತು. ಆಂಧ್ರಪ್ರದೇಶ, ಬಿಹಾರ, ಕರ್ನಾಟಕ, ಮಧ್ಯಪ್ರದೇಶ, ಒರಿಸ್ಸಾ, ರಾಜಸ್ಥಾನಗಳ ಹಿಂದುಳಿದ ಜಿಲ್ಲೆಗಳಿಂದ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದ ಪಾಲಿಗೆ ಬಂದವು ಗುಲಬರ್ಗಾ, ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳು.

ದಿನಾಂಕವನ್ನು ಇಲ್ಲಿ ತುಸು ನಿಂತು ಓದಬೇಕು. ಕಲ್ಕತ್ತಾ ನಗರಕ್ಕೆ ದೂರದರ್ಶನ ಬಂದದ್ದು 1975ರ ಆಗಸ್ಟ್ 9ರಂದು, ಮದ್ರಾಸಿಗೆ ಆಗಸ್ಟ್ 15ರಂದು. ಹಿಂದುಳಿದಿರುವಿಕೆಯೇ ಆಯ್ಕೆಗೆ ಅರ್ಹತೆಯಾದ ಕಾರಣ ವಿಜಾಪುರ ಜಿಲ್ಲೆಯ ಹಳ್ಳಿಗರು ಈ ಎರಡು ಮಹಾನಗರಗಳ ಜನರಿಗಿಂತ ಮೊದಲೇ ತೆರೆಯ ಮುಂದೆ ಕುಳಿತಿದ್ದರು. ಪ್ರಯೋಗ ಹಳ್ಳಿಗಳಿಗೆಂದೇ ಇದ್ದುದರಿಂದ ಬಾಗಲಕೋಟೆ, ಇಳಕಲ್‌ಗಳಂಥ ಪೇಟೆಯೂರುಗಳು ಅದರ ಹೊರಗುಳಿದವು. ಪೇಟೆಗೆ ಇಲ್ಲದ್ದು ಹಳ್ಳಿಗೆ ಮೊದಲು ಸಿಕ್ಕ ಇಂಥ ಪ್ರಸಂಗಗಳು ಈ ಸೀಮೆಯ ಆಧುನಿಕ ಚರಿತ್ರೆಯಲ್ಲಿ ಬಹಳ ಇಲ್ಲ.

ಗೋಪುರವಿಲ್ಲದ ಪ್ರಸಾರ ನಡೆದ ಬಗೆಯನ್ನು ಅರಿಯುವುದು ಅಗತ್ಯ. ನೆಲದ ಮೇಲಿನ ಗೋಪುರದಿಂದ ಹೊರಡುವ ದೂರದರ್ಶನದ ತರಂಗಗಳು ಹೆಚ್ಚುಕಡಿಮೆ ನೇರ ರೇಖೆಯಲ್ಲಿ ಸಾಗುತ್ತವೆ. ಭೂಮಿಯ ಮೈ ಬಾಗಿರುವುದರಿಂದ ನೂರು ಮೀಟರ್ ಎತ್ತರದ ಗೋಪುರಕ್ಕೆ ಸುಮಾರು 40 ಕಿ.ಮೀ. ಆಚೆಗೆ ದಿಗಂತ ಅಡ್ಡ ಬರುತ್ತದೆ. ಎತ್ತರವನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಮಾತ್ರ ಈ ದೂರ ಎರಡು ಪಟ್ಟಾಗುತ್ತದೆ. ಸುಮಾರು 36,000 ಕಿ.ಮೀ. ಮೇಲಿರುವ ಉಪಗ್ರಹಕ್ಕೆ ಈ ಮಿತಿಯಿಲ್ಲ. ಇಡೀ ದೇಶವೇ ಅದರ ದೃಷ್ಟಿಯೊಳಗೆ ಇರುತ್ತದೆ. ಅಹಮದಾಬಾದಿನ ಭೂಕೇಂದ್ರದಿಂದ ಮೇಲೇರಿದ ಸಂಕೇತವನ್ನು ಉಪಗ್ರಹ ತನ್ನ 30 ಅಡಿ ವ್ಯಾಸದ, ಛತ್ರಿಯಂತೆ ಬಿಚ್ಚಿಕೊಳ್ಳುವ ಆಂಟೆನಾದಿಂದ ಕೆಳಗೆ ಹರಿಸುತ್ತಿತ್ತು. ಹಳ್ಳಿಯಲ್ಲಿ ಅದನ್ನು ಹಿಡಿಯಲು ಇದ್ದದ್ದು ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಆಂಟೆನಾ, ಸಂಕೇತವನ್ನು ಮಾರ್ಪಡಿಸುವ ಒಂದು ಸಣ್ಣ ಪೆಟ್ಟಿಗೆ, ಹೈದರಾಬಾದಿನ ಇಸಿಐಎಲ್ ಕಾರ್ಖಾನೆಯಲ್ಲಿ ತಯಾರಾದ ಕಪ್ಪು ಬಿಳುಪಿನ ದೂರದರ್ಶನ. ವಿದ್ಯುತ್ತು ಬಾರದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿಯಿಂದ ನಡೆಸುತ್ತಿದ್ದರು. ಉಪಗ್ರಹವು ನೆಲೆಸಿದ್ದ ಜಾಗದ ಕಾರಣ ಈ ಬಲೆಗಳೆಲ್ಲ ಪಡುವಣಕ್ಕೆ ಮುಖಮಾಡಿ, ಅರ್ಧ ಬಾನಿನತ್ತ ನಿಟ್ಟಿಸಿದಂತೆ ವಾಲಿರುತ್ತಿದ್ದವು.

ಪೆಟ್ಟಿಗೆಯನ್ನು ಶಾಲೆ ಅಥವಾ ಪಂಚಾಯಿತಿಯಂಥ ಸಾರ್ವಜನಿಕ ಕಟ್ಟಡದಲ್ಲಿಟ್ಟು, ಅದರ ಮೇಲ್ವಿಚಾರಣೆಗೆ ಊರಿನವರೊಬ್ಬರನ್ನು, ಅನೇಕ ಕಡೆ ಶಾಲೆಯ ಮಾಸ್ತರರನ್ನೇ ನೇಮಿಸಲಾಗುತ್ತಿತ್ತು. ಕೆಟ್ಟರೆ ಸರಿಪಡಿಸಲು ಜೀಪಿನಲ್ಲಿ ತಂತ್ರಜ್ಞರು ಬರುವ ವ್ಯವಸ್ಥೆಯಿತ್ತು. ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಒಂದೂವರೆ ಗಂಟೆಯ ಅವಧಿಯಲ್ಲಿ ಶಾಲೆಯ ಮಕ್ಕಳಿಗಾಗಿ ಹಿಂದಿ, ಒರಿಯಾ, ಕನ್ನಡ, ತೆಲುಗು ಭಾಷೆಗಳಲ್ಲಿ ತಲಾ ಇಪ್ಪತ್ತೆರಡೂವರೆ ನಿಮಿಷದ ಪಾಠ. ಸಂಜೆಯ ಎರಡೂವರೆ ಗಂಟೆಯಲ್ಲಿ ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಸುದ್ದಿ, ಹಾಡು ಕುಣಿತ. ಸಂಜೆಯ ಒಂದು ಭಾಗ ಎಲ್ಲ ರಾಜ್ಯಗಳಿಗೂ ಸಾಮಾನ್ಯವಾದ ಹಿಂದಿ ಕಾರ್ಯಕ್ರಮಕ್ಕೆ ಮೀಸಲು. ಕಾಲವೋ ತುರ್ತುಪರಿಸ್ಥಿತಿಯದು. ಸುದ್ದಿಯೆಂದು ಹಳ್ಳಿಗೆ ಇಳಿದದ್ದು ಸರ್ಕಾರ ಹೇಳಬಯಸಿದ ಮಾತು ಮಾತ್ರ ಎಂಬುದನ್ನು ಈ ಪ್ರಯೋಗದ ಗುಣಗಾನದಲ್ಲಿ ಮರೆಯಬಾರದು.

ಜಾನಪದದ ದೃಷ್ಟಿಯಿಂದ ಮುಖ್ಯವಾದುದು ಪೆಟ್ಟಿಗೆಯ ಮುಂದೆ ಏರ್ಪಟ್ಟ ಕೂಟ. ಸಂಜೆ ಕತ್ತಲಾದ ಮೇಲೆ ಬಯಲಲ್ಲಿ ಸೇರಿ, ಕಂಬಳಿ ತಟ್ಟು ಹಾಸಿಕೊಂಡು, ಮಕ್ಕಳು ಮುಂದೆ, ಗಂಡಸರು ಹಿಂದೆ, ಹೆಂಗಸರು ಒಂದು ಮಗ್ಗುಲಿಗೆ ಕುಳಿತು ಬೆಳಕಿನ ಕಡೆ ನೋಡುವುದು ಈ ಸೀಮೆಗೆ ದೂರದರ್ಶನ ಕಲಿಸಿದ ಪಾಠವಲ್ಲ. ದೊಡ್ಡಾಟದ ಅಟ್ಟದ ಮುಂದೆ, ಶ್ರೀಕೃಷ್ಣ ಪಾರಿಜಾತದ ಮೇಳದ ಮುಂದೆ, ಗೀಗೀ ಪದದ ಹರದೇಶಿ ನಾಗೇಶಿ ವಾದದ ಮುಂದೆ ಜನ ಕೂಡುತ್ತಿದ್ದುದು ಹೀಗೆಯೇ. ನಾಡಿನ ಈ ಭಾಗ ಪಾರಿಜಾತದ ತವರು. ಅಪರಾಳ ತಮ್ಮಣ್ಣ ರಚಿಸಿದ, ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಮನೆಮಾತಾಗಿಸಿದ ಈ ಆಟದಲ್ಲಿ ಭಾಗವತ ಮತ್ತು ದೂತಿಯರ ಸಂಭಾಷಣೆಗೆ ವಿಶೇಷ ಸ್ಥಾನವಿದೆ. ಸತ್ಯಭಾಮೆಯ ಅರಮನೆಯ ಕಥೆ ನಡೆಯುತ್ತಿರುವಾಗಲೇ ದೂತಿ ಅಂದಿನ ಊರಿನ ಸಂಗತಿಯೊಂದನ್ನು ಆಡುಮಾತಿನಲ್ಲಿ ಎತ್ತಿಕೊಂಡು ಪ್ರೇಕ್ಷಕರನ್ನು ಒಳಗೆ ಎಳೆಯುತ್ತಾಳೆ. ಪ್ರೇಕ್ಷಕರೂ ಕೂತಲ್ಲಿಂದಲೇ ಉತ್ತರ ಕೊಡುತ್ತಾರೆ. 1975ರ ಪೆಟ್ಟಿಗೆ ಈ ಸಿದ್ಧ ಕೂಟವನ್ನು ಪಡೆದುಕೊಂಡಿತು, ದೂತಿಯನ್ನು ಪಡೆಯಲಿಲ್ಲ. ಕೇಳಿದ ಪ್ರಶ್ನೆಗೆ ಮರುಮಾತಾಡದ ಮೊದಲ ಆಟ ಇದಾಗಿತ್ತು.

ಒಂದು ವಿಷಯದಲ್ಲಿ ಮಾತ್ರ ಪೆಟ್ಟಿಗೆಯ ಕೂಟ ಹಳೆಯ ಕೂಟಕ್ಕಿಂತ ಭಿನ್ನವಾಗಿತ್ತು. ಬಯಲಾಟಕ್ಕೆ ದೇವರ ಗುಡಿ, ಗೌಡರ ಅನುಮತಿ, ಊರ ಪಟ್ಟಿಯ ಹಣ ಬೇಕು. ಯಾರು ಎಲ್ಲಿ ಕೂರಬೇಕೆಂಬ ಕಟ್ಟಳೆ ಅದರೊಂದಿಗೇ ಬರುತ್ತದೆ. ಸರ್ಕಾರದ ಪೆಟ್ಟಿಗೆ ಶಾಲೆಯ ಅಂಗಳದಲ್ಲಿದ್ದುದರಿಂದ ಕೇರಿಯವರೂ ಅಲ್ಲಿಗೆ ಬರಲು ತತ್ತ್ವತಃ ಅಡ್ಡಿಯಿರಲಿಲ್ಲ. ತತ್ತ್ವತಃ ಎಂಬ ಮಾತನ್ನು ಒತ್ತಿ ಹೇಳಬೇಕಾಗುತ್ತದೆ. ಪ್ರಯೋಗದ ಮೌಲ್ಯಮಾಪನಕ್ಕಾಗಿ ಆಯ್ದ ಹಳ್ಳಿಗಳಲ್ಲಿ ಮಾನವಶಾಸ್ತ್ರಜ್ಞರು ತಿಂಗಳುಗಟ್ಟಲೆ ನೆಲೆಸಿ ಅಧ್ಯಯನ ಮಾಡಿದರು. ಆರಂಭದ ಕುತೂಹಲ ಇಳಿದ ಮೇಲೆ ಜನಸಂದಣಿ ತಗ್ಗಿದ್ದನ್ನೂ, ಹೆಂಗಸರ ಸಂಖ್ಯೆ ಗಂಡಸರಿಗಿಂತ ಕಡಿಮೆಯಿದ್ದುದನ್ನೂ ಒಟ್ಟು ಪ್ರಯೋಗದ ಅಧ್ಯಯನಗಳು ಗುರುತಿಸಿವೆ. ನೋಡಿದಷ್ಟರಿಂದ ಹೆಚ್ಚು ತಿಳಿದುಕೊಂಡವರು ಅಕ್ಷರ ಬಾರದ ಹೆಂಗಸರೇ ಎಂಬ ಅವುಗಳ ಕಾಣ್ಕೆ ಗಮನಾರ್ಹ. ಕೇಳಿ ಕಲಿಯುವುದು ಬೀಸುವ ಪದ, ಹಂತಿಯ ಪದಗಳ ಪರಂಪರೆಯಲ್ಲಿ ಬಂದವರಿಗೆ ಹೊಸದಲ್ಲವಷ್ಟೆ.

ಇನ್ನು ಭಾಷೆ. ಕನ್ನಡದ ಮೊದಲ ದೂರದರ್ಶನ ಕಾರ್ಯಕ್ರಮಗಳು ತಯಾರಾದದ್ದು ಬೆಂಗಳೂರಿನಲ್ಲಲ್ಲ, ಧಾರವಾಡದಲ್ಲಲ್ಲ, ಹೈದರಾಬಾದಿನಲ್ಲಿ. ಸೈಟ್ ಪ್ರಯೋಗಕ್ಕಾಗಿ ದೆಹಲಿ, ಕಟಕ್, ಹೈದರಾಬಾದುಗಳಲ್ಲಿ ಮೂರು ತಯಾರಿಕಾ ಕೇಂದ್ರಗಳಿದ್ದವು. ತೆಲುಗು, ಕನ್ನಡಗಳೆರಡೂ ಹೈದರಾಬಾದಿನ ಪಾಲಿಗೆ ಬಂದವು. ಉಪಗ್ರಹದಲ್ಲಿ ಒಂದು ಚಿತ್ರವಾಹಿನಿಯೂ ಎರಡು ಧ್ವನಿವಾಹಿನಿಗಳೂ ಇದ್ದ ಕಾರಣ ಒಂದೇ ಚಿತ್ರವನ್ನು ಎರಡು ಭಾಷೆಗಳಲ್ಲಿ ಕೇಳಿಸುವ ಅನುಕೂಲವಿತ್ತು. ತಂತ್ರಜ್ಞಾನಕ್ಕೆ ಅನುಕೂಲವಾದುದು ಭಾಷೆಗೆ ಅನುಕೂಲವಾಗಲೇಬೇಕೆಂದೇನೂ ಇಲ್ಲ. ಒಕ್ಕಲುತನದ ಪಾಠವೊಂದನ್ನೇ ನೋಡಬಹುದು. ಕೃಷಿ ಇಲಾಖೆಯ ಕನ್ನಡದ ನೆಲಗಡಲೆ ಇಲ್ಲಿನ ರೈತನಿಗೆ ಶೇಂಗಾ. ನೇಗಿಲು ರಂಟಿ, ನೆಲದೊಳಗಿನ ಧಾನ್ಯದ ಕಣಜ ಹಗೇವು. ಎರಿ ಭೂಮಿ, ಮಸಾರಿ ಭೂಮಿ, ಕುಂಟಿ, ಕೂರಿಗಿ ಎಂಬ ಮಾತುಗಳಿಲ್ಲದೆ ಬಿಳಿಜೋಳದ ಬೇಸಾಯವನ್ನು ಈ ಸೀಮೆಯವರಿಗೆ ಹೇಳಿಕೊಡುವುದು ಕಷ್ಟ. ಕೇಂದ್ರ ಸರ್ಕಾರದ ಗೀತ ಮತ್ತು ನಾಟಕ ವಿಭಾಗ ಗೀಗೀ ಮೇಳಗಳ ಬಾಯಲ್ಲಿ ಹೇಳಿಸುತ್ತಿದ್ದ ಕುಟುಂಬ ಯೋಜನೆಯ ಸಂದೇಶಕ್ಕೆ ಈ ತೊಡಕು ಇರಲಿಲ್ಲ. ಸಂದೇಶ ದೆಹಲಿಯದಾದರೂ ಮಾತು ಹಾಡುವವನ ಊರಿನದೇ ಆಗಿರುತ್ತಿತ್ತು. ಹೀಗಿದ್ದೂ ತೆರೆಯಿಂದ ಕನ್ನಡ ಕೇಳಿಬಂದದ್ದು ಸಣ್ಣ ಸಂಗತಿಯಲ್ಲ. ಆ ವರ್ಷದ ಮಹತ್ವ ಅರಿವಾಗುವುದು ಅದರ ನಂತರದ ಹತ್ತು ವರ್ಷಗಳನ್ನು ನೋಡಿದಾಗ.

1976ರ ಜುಲೈ 31ರಂದು ಪ್ರಯೋಗ ಮುಗಿಯಿತು. ಕರಾರಿನಂತೆ ಅಮೆರಿಕದವರು ಉಪಗ್ರಹವನ್ನು ಪಶ್ಚಿಮ ಗೋಲಾರ್ಧಕ್ಕೆ ಮರಳಿ ಒಯ್ದರು. ಪಡುವಣಕ್ಕೆ ಮುಖಮಾಡಿದ ತಂತಿಬಲೆಗಳಿಗೆ ಹಿಡಿಯಲು ಏನೂ ಉಳಿಯಲಿಲ್ಲ. ಪ್ರಯೋಗದ ಪ್ರದೇಶಗಳನ್ನು ಪೂರ್ತಿ ಕೈಬಿಡಬಾರದೆಂದು ಸರ್ಕಾರ ಜಯಪುರ, ಹೈದರಾಬಾದ್, ರಾಯಪುರ, ಮುಜಫ್ಫರಪುರ, ಸಂಬಲಪುರ, ಗುಲಬರ್ಗಾ ಈ ಆರು ಕಡೆ ನೆಲದ ಮೇಲಿನ ಪ್ರಸಾರ ಕೇಂದ್ರಗಳನ್ನು ಸ್ಥಾಪಿಸಿತು. ಕರ್ನಾಟಕದ ನೆಲದಲ್ಲಿ ದೂರದರ್ಶನದ ಮೊದಲ ಗೋಪುರ ಕೆಲಸ ಆರಂಭಿಸಿದ್ದು ಹೀಗೆ, 1977ರಲ್ಲಿ, ಗುಲಬರ್ಗಾದಲ್ಲಿ. ಆರಂಭದ ವರ್ಷಗಳಲ್ಲಿ ಅದಕ್ಕೂ ಕನ್ನಡ ಕಾರ್ಯಕ್ರಮಗಳು ಹೈದರಾಬಾದಿನಿಂದಲೇ ಬರುತ್ತಿದ್ದವು. ಬೆಂಗಳೂರಿಗೆ ಗೋಪುರ ಬರಲು ಇನ್ನೂ ನಾಲ್ಕು ವರ್ಷ ಬಾಕಿಯಿತ್ತು.

ಆದರೆ ಗೋಪುರಕ್ಕೆ ದಿಗಂತವಿದೆ. ಗುಲಬರ್ಗಾದಿಂದ ಹುನಗುಂದಕ್ಕೆ ನೇರ ಅಂತರವೇ 160 ಕಿ.ಮೀ.ಗೂ ಹೆಚ್ಚು, ಬಾಗಲಕೋಟೆ, ಬಾದಾಮಿ ಇನ್ನೂ ದೂರ. ಉಪಗ್ರಹದ ಕಣ್ಣಿಗೆ ಒಂದೇ ಆಗಿದ್ದ ಮೂರು ಜಿಲ್ಲೆಗಳನ್ನು ಗೋಪುರದ ವೃತ್ತ ಒಡೆಯಿತು. ಗುಲಬರ್ಗಾದ ಸುತ್ತಲಿನ ಹಳ್ಳಿಗಳಲ್ಲಿ ಪೆಟ್ಟಿಗೆ ಮತ್ತೆ ಮಾತಾಡಿತು. ವಿಜಾಪುರ ಜಿಲ್ಲೆಯ ದಕ್ಷಿಣ ಭಾಗದಲ್ಲಿ ಅದು ಮೂಕವಾಗಿಯೇ ಉಳಿಯಿತು. ಭಾಷೆಯ ಗಡಿ, ಜಾತ್ರೆಯ ಹಾದಿ, ಹೆಣ್ಣು ಕೊಟ್ಟು ತರುವ ಸಂಬಂಧದ ಸೀಮೆ ಇವು ಯಾವುವೂ ಗೋಪುರದ ವೃತ್ತಕ್ಕೆ ಗೊತ್ತಿಲ್ಲ. ಬನಶಂಕರಿ ಜಾತ್ರೆಗೆ ಗುಲಬರ್ಗಾ ಕಡೆಯ ಜನ ಬರಬಲ್ಲರು, ಗುಲಬರ್ಗಾದ ತರಂಗ ಬಾರದು. ದೂರದರ್ಶನವನ್ನು ಕಂಡು ಕಳೆದುಕೊಂಡ ಅನುಭವ ಕರ್ನಾಟಕದಲ್ಲಿ ಈ ಪ್ರದೇಶಕ್ಕೆ ವಿಶಿಷ್ಟವಾದುದು. ಬೆಂಗಳೂರು, ಮೈಸೂರುಗಳ ಜನ ಅದನ್ನು ಕಾಣದೆ ಕಾದವರು. ಇಲ್ಲಿನ ಹಳ್ಳಿಗರು ಒಂದು ವರ್ಷ ಕಂಡು ಮತ್ತೆ ಕಾದವರು.

1982ರ ಆಗಸ್ಟ್ 15ರಿಂದ ದೂರದರ್ಶನಕ್ಕೆ ಬಣ್ಣ ಬಂತು, ದೆಹಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಕಕ್ಷೆ ಸೇರಿದ ಮೇಲೆ ದೇಶದ ಪಟ್ಟಣಗಳಲ್ಲಿ ಕಿರುಶಕ್ತಿಯ ಮರುಪ್ರಸಾರ ಗೋಪುರಗಳನ್ನು ಅವಸರದಿಂದ ನಿಲ್ಲಿಸಲಾಯಿತು. 1984ರ ಒಂದೇ ವರ್ಷದಲ್ಲಿ ನೂರಕ್ಕೂ ಹೆಚ್ಚು ಗೋಪುರಗಳು ಎದ್ದವು. ನೂರು ವ್ಯಾಟ್ ಶಕ್ತಿಯ ಈ ಕೇಂದ್ರಗಳಲ್ಲಿ ಸ್ಟುಡಿಯೋ ಇಲ್ಲ, ಕಲಾವಿದರಿಲ್ಲ, ನಿಲಯದ ಉದ್ಘೋಷಕರಿಲ್ಲ. ಉಪಗ್ರಹದಿಂದ ಬಂದ ದೆಹಲಿಯ ಕಾರ್ಯಕ್ರಮವನ್ನು ಹಿಡಿದು ಹತ್ತಿಪ್ಪತ್ತು ಕಿ.ಮೀ. ಸುತ್ತಳತೆಗೆ ಚೆಲ್ಲುವುದಷ್ಟೇ ಅವುಗಳ ಕೆಲಸ. ಉತ್ತರ ಕರ್ನಾಟಕದ ಪಟ್ಟಣಗಳಲ್ಲಿ ಎದ್ದ ಗೋಪುರಗಳೂ ಈ ಬಗೆಯವೇ. ಬೆಂಗಳೂರಿನ ಕನ್ನಡ ಕಾರ್ಯಕ್ರಮಗಳು ಉಪಗ್ರಹದ ಮೂಲಕ ರಾಜ್ಯದ ಮೂಲೆಮೂಲೆಯನ್ನು ಮುಟ್ಟಿದ್ದು 1990ರ ದಶಕದಲ್ಲಿ. ಅಲ್ಲಿಯವರೆಗೆ ಕನ್ನಡ ನೆಲದ ಮೇಲೆ ನಿಂತ ಈ ಗೋಪುರಗಳು ಆಡಿದ್ದು ಹಿಂದಿ ಮತ್ತು ಇಂಗ್ಲಿಷ್.

ಮನೆಯ ಮಾಳಿಗೆಯ ಮೇಲೆ ಉದ್ದನೆಯ ಕೊಳವೆಗೆ ಕಟ್ಟಿದ ಏರಿಯಲ್ ಈ ಕಾಲದ ಗುರುತು. ಪ್ರತಿ ಮನೆಯೂ ತನ್ನದೊಂದು ಕಿರುಗೋಪುರವನ್ನು ಎತ್ತಬೇಕಾಯಿತು. ಬಯಲುಸೀಮೆಯ ಹುನಗುಂದ, ಇಳಕಲ್‌ಗಳಲ್ಲಿ ದೂರದ ಸಂಕೇತವನ್ನು ಹಿಡಿಯಲು ಕೊಳವೆಯ ಎತ್ತರವೇ ಸಾಕಾದರೆ, ಬಾದಾಮಿಯಂಥ ಊರಿನ ಕಷ್ಟ ಬೇರೆ. ಚಾಲುಕ್ಯರು ರಾಜಧಾನಿಗೆಂದು ಆರಿಸಿಕೊಂಡ ಆ ಜಾಗ ಎರಡು ಕೆಂಗಲ್ಲು ಬೆಟ್ಟಗಳ ನಡುವಿನ ಕಣಿವೆಯ ಬಾಯಿ. ಶತ್ರುವಿನಿಂದ ಕಾಪಾಡಿದ ಬಂಡೆಗಳೇ ಬೆಟ್ಟದ ಮರೆಯ ಮನೆಗಳಿಗೆ ತರಂಗಗಳನ್ನೂ ತಡೆಯುವಂಥವು. ತೆರೆಯ ಮೇಲೆ ಚುಕ್ಕಿ ಸುರಿಯುವಾಗ ಒಬ್ಬ ಮಾಳಿಗೆ ಏರಿ ಏರಿಯಲ್ ತಿರುಗಿಸುವುದು, ಒಳಗಿನವರು “ಬಂತು, ಬಂತು, ಹೋತು” ಎಂದು ಕೂಗುವುದು ಆ ತಲೆಮಾರಿನವರೆಲ್ಲ ಬಲ್ಲ ದೃಶ್ಯ.

ಇಳಕಲ್‌ನ ಸ್ಥಿತಿಯನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಉಚಿತ. ಅಲ್ಲಿನದು ನೇಕಾರಿಕೆಯ ಬದುಕು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರನ ಕೈಗೆ ಲಾಳಿ, ಕಾಲಿಗೆ ತುಳಿಮಣೆ, ಕಣ್ಣಿಗೆ ಹಾಸು ಹೊಕ್ಕಿನ ಎಳೆಗಳು. ಇಳಕಲ್ ಸೀರೆಯ ವೈಶಿಷ್ಟ್ಯವಾದ ಟೋಪ ತೆನಿ ಸೆರಗಿನ ಹಾಸನ್ನು ಮೈಯ ಹಾಸಿಗೆ ಎಳೆಯೆಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕಾಗುತ್ತದೆ. ಕಣ್ಣು ತಪ್ಪಿದರೆ ಕೆಲಸ ಕೆಟ್ಟಂತೆ. ಈ ದುಡಿಮೆಯಲ್ಲಿ ಬಿಡುವಾಗಿ ಇರುವ ಇಂದ್ರಿಯವೆಂದರೆ ಕಿವಿ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿ ಮಗ್ಗದ ಮನೆಗಳಿಗೆ ಒಗ್ಗಿಕೊಂಡದ್ದರ ಗುಟ್ಟು ಇಲ್ಲಿದೆ. ರೇಡಿಯೋ ಲಾಳಿಯ ಲಯದ ಜೊತೆಗೆ ಸಾಗಬಲ್ಲದು, ಹಾಡುವ ಹೆಂಗಸಿನ ಪದದಂತೆ. ದೂರದರ್ಶನ ಕಣ್ಣನ್ನೇ ಕೇಳುತ್ತದೆ. ಅದನ್ನು ನೋಡಬೇಕಾದರೆ ಮಗ್ಗ ನಿಲ್ಲಬೇಕು. ನೇಯ್ದ ಸೀರೆಗೆ ಇಂತಿಷ್ಟೆಂದು ಕೂಲಿ ಪಡೆಯುವ ನೇಕಾರನಿಗೆ ಮಗ್ಗ ನಿಂತ ಹೊತ್ತಿನ ನಷ್ಟ ತನ್ನದೇ. ದೂರದರ್ಶನದ ಪ್ರಭಾವವನ್ನು ಅಳೆಯುವವರು ಪೆಟ್ಟಿಗೆಗಳ ಲೆಕ್ಕ ಹಿಡಿಯುತ್ತಾರೆ. ನೇಕಾರರ ಊರಿನಲ್ಲಿ ಅಳೆಯಬೇಕಾದುದು ಮಗ್ಗದ ಸದ್ದು ನಿಲ್ಲುವ ಗಳಿಗೆಗಳನ್ನು.

ಅಂಥ ಗಳಿಗೆಯನ್ನು ತಂದದ್ದು ಭಾನುವಾರದ ಬೆಳಗಿನ ‘ರಾಮಾಯಣ’ ಮತ್ತು ‘ಮಹಾಭಾರತ’. ಮೊದಲನೆಯದು 1987ರ ಜನವರಿಯಿಂದ 1988ರ ಜುಲೈವರೆಗೆ, ಎರಡನೆಯದು 1988ರ ಅಕ್ಟೋಬರ್ 2ರಿಂದ 1990ರ ಜೂನ್‌ವರೆಗೆ ಪ್ರಸಾರವಾದವು. ಹಿಂದಿ ತಿಳಿಯದ ಊರುಗಳಲ್ಲೂ ಇವು ಹೇಗೆ ಜನರನ್ನು ಹಿಡಿದಿಟ್ಟವೆಂಬ ಪ್ರಶ್ನೆಗೆ ಭಕ್ತಿಯೆಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಸುಲಭ. ಈ ಸೀಮೆಯ ಮಟ್ಟಿಗೆ ಹೆಚ್ಚು ಸಮರ್ಪಕವಾದ ಉತ್ತರ ರಂಗಭೂಮಿಯಲ್ಲಿದೆ. ‘ರಕ್ತರಾತ್ರಿ’ಯಂಥ ನಾಟಕಗಳಿಂದ ಮಹಾಭಾರತವನ್ನು ಉತ್ತರ ಕರ್ನಾಟಕದ ನಾಲಿಗೆಗೆ ತಂದ ಕಂದಗಲ್ಲ ಹನುಮಂತರಾಯರ ಊರು ಇಳಕಲ್‌ಗೆ ಹತ್ತಿರದ ಕಂದಗಲ್ಲ. ಶಕುನಿಯ ಕುಹಕ, ದುರ್ಯೋಧನನ ಛಲ, ಅಶ್ವತ್ಥಾಮನ ಸೇಡು ಇವನ್ನು ಹಳ್ಳಿಯ ಹವ್ಯಾಸಿಗಳು ಮಾತು ಮಾತು ಬಾಯಿಪಾಠ ಮಾಡಿ ಆಡುತ್ತ ಬಂದಿದ್ದರು. ದೊಡ್ಡಾಟದ ಪ್ರಸಂಗಗಳು ಅದಕ್ಕೂ ಹಿಂದಿನವು. ತೆರೆಯ ಮೇಲಿನ ಹಿಂದಿ ಸಂಭಾಷಣೆಗೆ ಅಡಿಯಲ್ಲಿ ಕನ್ನಡ ಬರಹ ಬೇಕಾಗಲಿಲ್ಲ. ಬರಹ ನೋಡುವವನ ನೆನಪಿನಲ್ಲಿ ಮೊದಲೇ ಇತ್ತು. ಮುಂದಿನ ಮಾತು ಏನೆಂದು ಮೊದಲೇ ಬಲ್ಲ ಪ್ರೇಕ್ಷಕನಿಗೆ ಭಾಷೆ ಗೋಡೆಯಾಗುವುದಿಲ್ಲ. ದೆಹಲಿಯ ಗೋಪುರ ಗೆದ್ದಿತೆಂದು ಸಂಭ್ರಮಿಸಿದವರು ಆ ಗೆಲುವಿಗೆ ಹೆಗಲು ಕೊಟ್ಟ ಅಟ್ಟವನ್ನು ಕಾಣಲಿಲ್ಲ. ಅಟ್ಟದ ಈ ಸಾಲವನ್ನು ದೂರದರ್ಶನ ತೀರಿಸಿತೆಂದು ಹೇಳುವುದು ಕಷ್ಟ. ಪಾರಿಜಾತದ ಮೇಳಕ್ಕೆ ತೆರೆಯ ಮೇಲೆ ದೊರೆತದ್ದು ಬಿಡಿಬಿಡಿಯಾದ ನಿಮಿಷಗಳು. ಬೆಳಗಾಗುವವರೆಗೆ ಹಿಗ್ಗುವ ಆಟವನ್ನು ಅರ್ಧ ಗಂಟೆಗೆ ಕತ್ತರಿಸಿದಾಗ ಮೊದಲು ಬಿದ್ದುಹೋಗುವುದು ದೂತಿಯ ಮಾತು.

1990ರ ದಶಕದ ಮಧ್ಯಭಾಗದಿಂದ ಕಥೆ ವೇಗ ಪಡೆಯುತ್ತದೆ. 1994ರಲ್ಲಿ ಉದಯ ಟಿವಿ, 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಬಂದವು. ಪಟ್ಟಣದ ಓಣಿಗಳಲ್ಲಿ ಕಂಬದಿಂದ ಕಂಬಕ್ಕೆ ಕೇಬಲ್ ತಂತಿ ಹಾಯ್ದು, ಮಾಳಿಗೆಯ ಏರಿಯಲ್‌ಗಳು ತುಕ್ಕು ಹಿಡಿದವು. ಕನ್ನಡ ಮರಳಿ ಬಂತು. ಈ ಬಾರಿ ಮನರಂಜನೆಯ ವಸ್ತುವಾಗಿ, ಹೆಚ್ಚಾಗಿ ದಕ್ಷಿಣದ ಆಡುನುಡಿಯಲ್ಲಿ. ಉತ್ತರ ಕರ್ನಾಟಕದ ಮಾತು ಧಾರಾವಾಹಿಗಳಲ್ಲಿ ನಗಿಸುವ ಪಾತ್ರದ ಮಾತಾಗಿ ಕಾಣಿಸಿಕೊಂಡದ್ದು ಅನೇಕರಿಗೆ ನೋವುಂಟುಮಾಡಿದ ಸಂಗತಿ. ಪಾರಿಜಾತದಲ್ಲಿ ಭಾಗವತನನ್ನೇ ಮಾತಿನಲ್ಲಿ ಮಣಿಸುವ ದೂತಿಯ ನುಡಿ ಧಾರಾವಾಹಿಯಲ್ಲಿ ಮನೆಗೆಲಸದವನ ಪಾಲಿಗೆ ಬಂದಿತ್ತು.

ಇದೇ ವರ್ಷಗಳಲ್ಲಿ ಬಾಗಲಕೋಟೆಯಲ್ಲಿ ಇನ್ನೊಂದು ಚರಿತ್ರೆ ನಡೆದಿತ್ತು. 1997ರಲ್ಲಿ ಹೊಸ ಜಿಲ್ಲೆಯ ಕೇಂದ್ರವಾದ ಈ ಊರಿನ ದೊಡ್ಡ ಭಾಗ ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಸಿಕ್ಕಿತು. ಘಟಪ್ರಭೆಯ ದಂಡೆಯ ಇಕ್ಕಟ್ಟಾದ ಓಣಿಗಳಿಂದ ಜನ ನವನಗರದ ಅಗಲ ರಸ್ತೆಗಳ ಸೆಕ್ಟರುಗಳಿಗೆ ಹೋದರು. ಓಣಿಯೆಂಬುದು ದೂರದರ್ಶನದ ಕೂಟಕ್ಕೂ ಆಧಾರವಾಗಿತ್ತು. ಇಡೀ ಓಣಿಗೆ ಒಂದು ಪೆಟ್ಟಿಗೆಯಿದ್ದ ಕಾಲದಲ್ಲಿ ಅದರ ಯಜಮಾನನ ಪಡಸಾಲೆ ಭಾನುವಾರ ಎಲ್ಲರದೂ ಆಗುತ್ತಿತ್ತು. ಕಿಟಕಿಯ ಸರಳು ಹಿಡಿದು ಹೊರಗಿನಿಂದ ನೋಡುವ ಮಕ್ಕಳೂ ಆ ಕೂಟದ ಸದಸ್ಯರೇ. ಹೊಸ ಊರಿನಲ್ಲಿ ಗೋಡೆಗೋಡೆಗೆ ತಗಲದ ಮನೆಗಳು, ಮನೆಗೊಂದು ಪೆಟ್ಟಿಗೆ. ಕೂಟ ಒಡೆಯಲು ಮುಳುಗಡೆ ಮಾತ್ರವೇ ಕಾರಣವೆಂದಾಗಲಿ, ದೂರದರ್ಶನವೇ ಕಾರಣವೆಂದಾಗಲಿ ಹೇಳಿದರೆ ತಪ್ಪಾಗುತ್ತದೆ. ಬಾಗಲಕೋಟೆಯಲ್ಲಿ ಎರಡೂ ಒಂದೇ ಕಾಲಕ್ಕೆ ಬಂದವು.

2004ರ ಡಿಸೆಂಬರ್‌ನಲ್ಲಿ ದೂರದರ್ಶನವು ತನ್ನ ಉಚಿತ ಡಿಶ್ ಸೇವೆಯನ್ನು ಆರಂಭಿಸಿದ ಮೇಲೆ ನೆಲದ ಗೋಪುರಗಳ ಅಗತ್ಯ ಕುಗ್ಗುತ್ತ ಬಂತು. ಪ್ರಸಾರ ಭಾರತಿಯು ಹಳೆಯ ತಂತ್ರಜ್ಞಾನದ ಭೂಪ್ರಸಾರ ಕೇಂದ್ರಗಳನ್ನು ಹಂತಹಂತವಾಗಿ ಮುಚ್ಚಿ, 2022ರ ಮಾರ್ಚ್ ವೇಳೆಗೆ ಆಯಕಟ್ಟಿನ ಸ್ಥಳಗಳ ಸುಮಾರು ಐವತ್ತನ್ನು ಬಿಟ್ಟು ಉಳಿದೆಲ್ಲವನ್ನೂ ನಿಲ್ಲಿಸುವ ಕಾರ್ಯಕ್ರಮ ಹಾಕಿಕೊಂಡಿತು. 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಕೇಂದ್ರವೇ ಮುಚ್ಚಲಿದೆಯೆಂಬ ಸುದ್ದಿ ಹಬ್ಬಿದಾಗ, ಆ ಕೇಂದ್ರ ಕಾರ್ಯಕ್ರಮಗಳನ್ನು ತಯಾರಿಸುವುದನ್ನು ಮುಂದುವರಿಸುತ್ತದೆ, ಅವು ರಾಜ್ಯದ ವಾಹಿನಿಯಲ್ಲೂ ಯೂಟ್ಯೂಬ್‌ನಲ್ಲೂ ಪ್ರಸಾರವಾಗುತ್ತವೆ ಎಂದು ಪ್ರಸಾರ ಭಾರತಿ ಸ್ಪಷ್ಟಪಡಿಸಿತು. 1977ರಲ್ಲಿ ಗೋಪುರವಿದ್ದೂ ಕಾರ್ಯಕ್ರಮಕ್ಕಾಗಿ ಹೈದರಾಬಾದನ್ನು ನೆಚ್ಚಿದ್ದ ಕೇಂದ್ರ ಇದು. ಈಗ ಅದಕ್ಕೆ ಸ್ಟುಡಿಯೋ ಉಳಿಯಿತು, ಗೋಪುರದ ಕೆಲಸ ತೀರಿತು. ಅದರ ಮಾತು ಹುನಗುಂದವನ್ನು ಮುಟ್ಟಲು ಈಗ ದಿಗಂತದ ಅಡ್ಡಿಯಿಲ್ಲ.

ಹೀಗೆ ಪ್ರಸಾರ ಮತ್ತೆ ಆಕಾಶಕ್ಕೇ ಏರಿದೆ. ಇಳಕಲ್‌ನ ಮಗ್ಗದ ಮನೆಗಳ ಮೇಲೆ, ನವನಗರದ ತಾರಸಿಗಳ ಮೇಲೆ, ಬಾದಾಮಿಯ ಕೆಂಗಲ್ಲಿನ ಗೋಡೆಗಳ ಮೇಲೆ ಕೂತ ಡಿಶ್‌ಗಳು ಎರಡು ಅಡಿಯಷ್ಟು ಅಗಲದವು. ಊರಿಗೊಂದು ಇದ್ದ ಹತ್ತು ಅಡಿಯ ಬಲೆ ಪಡುವಣಕ್ಕೆ ನೋಡುತ್ತಿತ್ತು. ಮನೆಗೊಂದರಂತೆ ಇರುವ ಇವು ಆಗ್ನೇಯಕ್ಕೆ ನೋಡುತ್ತವೆ. ಬನದ ಹುಣ್ಣಿಮೆಯಿಂದ ತಿಂಗಳುಗಟ್ಟಲೆ ನಡೆಯುವ ಬನಶಂಕರಿ ಜಾತ್ರೆಯಲ್ಲಿ ವೃತ್ತಿ ನಾಟಕ ಕಂಪನಿಗಳು ತಗಡಿನ ಥಿಯೇಟರುಗಳನ್ನು ಸಾಲಾಗಿ ಹೂಡುವ ರೂಢಿ ಈ ಎಲ್ಲ ಗೋಪುರಗಳು ಏಳುವ ಮೊದಲೂ ಇತ್ತು, ಅವು ಕೆಲಸ ನಿಲ್ಲಿಸಿದ ಮೇಲೂ ಇದೆ. ಕೊನೆಯ ಆಟ ಮುಗಿಸಿ ಹೊರಬಂದ ಹಳ್ಳಿಗರು ಹೊಂಡದ ಮೆಟ್ಟಿಲ ಮೇಲೆ, ದೀಪಸ್ತಂಭದ ಬುಡದಲ್ಲಿ ಬೆಳಗಿನ ಬಸ್ಸಿಗಾಗಿ ಕಾಯುತ್ತ, ಆಗಷ್ಟೇ ಕೇಳಿದ ಹಾಸ್ಯಗಾರನ ಮಾತುಗಳನ್ನು ಒಬ್ಬರಿಗೊಬ್ಬರು ತಿರುಗಿ ಹೇಳಿಕೊಳ್ಳುತ್ತಿರುತ್ತಾರೆ.